ಓಯಿತಾದ 341 ಮತಗಳಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಜಪಾನಿನ ಖಾಲಿ ಕುರ್ಚಿಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ದಯವಿಟ್ಟು ಕೈಬಿಡಬೇಡಿ. ಜಪಾನ್ ಎಂದರೆ ನಮ್ಮಲ್ಲಿ ಬುಲೆಟ್ ರೈಲು, ಶಿಸ್ತು, ಚೆರ್ರಿ ಹೂವು, ಅಷ್ಟಕ್ಕೇ ಬರಹ ನಿಂತುಬಿಡುತ್ತದೆ. ನೀವು ಅಲ್ಲಿನ ಸಂಸತ್ತಿನ ಉಪಚುನಾವಣೆಗೆ ಕೈಹಾಕಿದ್ದೀರಿ. ಪತ್ರ ಇಷ್ಟು ಉದ್ದವಾಗಿರುವುದು ಅದಕ್ಕೇ.

ತೊಂದರೆ ಎಲ್ಲಿದೆ ಎಂದರೆ, ನಿಮ್ಮ ಲೇಖನದಲ್ಲಿ ಊರುಗಳ ಹೆಸರು ಜಪಾನಿನವು, ಚುನಾವಣೆ ಮಾತ್ರ ನಮ್ಮದು. ಎರಡನೇ ಪ್ಯಾರಾದಲ್ಲೇ ‘ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು’ ಎಂದು ಬರೆದಿದ್ದೀರಿ. ಅದು ನಮ್ಮ ಪ್ರಜಾಪ್ರಾತಿನಿಧ್ಯ ಕಾಯ್ದೆಯ 151ಎ ಕಲಮಿನ ಮಾತು. ಜಪಾನಿನಲ್ಲಿ ತೆರವಾದ ದಿನದಿಂದ ತಿಂಗಳು ಎಣಿಸುವ ಪದ್ಧತಿ ಇಲ್ಲ. 2000ದ ತಿದ್ದುಪಡಿಯಿಂದೀಚೆಗೆ ಸಂಸತ್ತಿನ ಉಪಚುನಾವಣೆಗೆ ವರ್ಷದಲ್ಲಿ ಎರಡೇ ದಿನ ಗೊತ್ತುಮಾಡಲಾಗಿದೆ: ಏಪ್ರಿಲ್ ತಿಂಗಳ ನಾಲ್ಕನೇ ಭಾನುವಾರ ಮತ್ತು ಅಕ್ಟೋಬರ್ ತಿಂಗಳ ನಾಲ್ಕನೇ ಭಾನುವಾರ. ಸೆಪ್ಟೆಂಬರ್ 16ರಿಂದ ಮಾರ್ಚ್ 15ರವರೆಗೆ ತೆರವಾದ ಸ್ಥಾನಗಳಿಗೆ ಏಪ್ರಿಲ್, ಮಾರ್ಚ್ 16ರಿಂದ ಸೆಪ್ಟೆಂಬರ್ 15ರವರೆಗಿನವಕ್ಕೆ ಅಕ್ಟೋಬರ್. ನಡುವೆ ಕೆಳಮನೆಯೇ ವಿಸರ್ಜನೆಯಾದರೆ ಅಲ್ಲಿನ ಖಾಲಿ ಸ್ಥಾನಗಳು ಸಾರ್ವತ್ರಿಕ ಚುನಾವಣೆಯೊಳಗೆ ಸೇರಿಹೋಗುತ್ತವೆ.

ಈ ಒಂದು ನಿಯಮ ನಿಮ್ಮ ಕೈಗೆ ಸಿಕ್ಕಿದ್ದರೆ ಲೇಖನದ ಅರ್ಧ ಭಾಗ ತಾನಾಗಿ ಸರಿಹೋಗುತ್ತಿತ್ತು. ಒಂದೇ ದಿನ ದೇಶದ ಬೇರೆ ಬೇರೆ ಮೂಲೆಗಳಲ್ಲಿ ಮೂರೋ ಐದೋ ಕ್ಷೇತ್ರ ಮತ ಹಾಕುವುದರಿಂದಲೇ ಅದು ಪ್ರಧಾನಿಯ ಪರೀಕ್ಷೆಯಂತೆ ಕಾಣುತ್ತದೆ. ಅಷ್ಟೇ ಅಲ್ಲ, ಮಾರ್ಚ್ 15 ಎಂಬ ಗೆರೆ ಇರುವುದರಿಂದ ಯಾರು ಯಾವ ತಾರೀಕು ರಾಜೀನಾಮೆ ಕೊಟ್ಟರು ಎನ್ನುವುದೇ ಅಲ್ಲಿ ದೊಡ್ಡ ಸುದ್ದಿ. ನೀವು ರಾಜೀನಾಮೆಗಳನ್ನೆಲ್ಲ ‘ಆ ವರ್ಷದ ಆರಂಭದಲ್ಲಿ’ ಎಂದು ಬರೆದುಬಿಟ್ಟಿದ್ದೀರಿ. ಈ ವಿಷಯದಲ್ಲಿ ತಾರೀಕು ಬಿಟ್ಟರೆ ಕಥೆಯನ್ನೇ ಬಿಟ್ಟಂತೆ.

ಹಿರೋಶಿಮಾದ ಕವಾಯಿ ದಂಪತಿಯ ಪ್ರಕರಣ ನೋಡಿ. ನೀವು ಅದನ್ನು ಒಂದು ಸಾಲಿನಲ್ಲಿ ದಾಟಿಸಿದ್ದೀರಿ, ಅದೂ ತಪ್ಪಾಗಿ. ಹೆಂಡತಿ ಕವಾಯಿ ಅನ್ರಿ ಮೇಲ್ಮನೆ ಸದಸ್ಯೆ, ಗಂಡ ಕವಾಯಿ ಕತ್ಸುಯುಕಿ ಕೆಳಮನೆ ಸದಸ್ಯ, ಮಾಜಿ ಕಾನೂನು ಸಚಿವ. 2019ರಲ್ಲಿ ಹೆಂಡತಿಯ ಗೆಲುವಿಗಾಗಿ ಹಣ ಹಂಚಿದ ಆರೋಪ ಇಬ್ಬರ ಮೇಲೂ ಇತ್ತು. ಅನ್ರಿ 2021ರ ಫೆಬ್ರವರಿ 3ರಂದು ರಾಜೀನಾಮೆ ಕೊಟ್ಟರು, ಎರಡು ದಿನದಲ್ಲಿ ಶಿಕ್ಷೆಯೂ ಅಂತಿಮವಾಯಿತು. ಕತ್ಸುಯುಕಿ ರಾಜೀನಾಮೆಯ ಮಾತು ಆಡಿದ್ದು ಮಾರ್ಚ್ 23ರಂದು, ನ್ಯಾಯಾಲಯದಲ್ಲಿ. ಸದನ ಅದನ್ನು ಅಂಗೀಕರಿಸಿದ್ದು ಏಪ್ರಿಲ್ 1ಕ್ಕೆ. ಹೆಂಡತಿಯ ಸ್ಥಾನಕ್ಕೆ ಏಪ್ರಿಲ್ 25ರಂದು ಮತದಾನ ನಡೆಯಿತು. ಗಂಡನ ಸ್ಥಾನ ಮಾರ್ಚ್ 15ರ ಗೆರೆ ದಾಟಿದ್ದರಿಂದ ಏಪ್ರಿಲ್‌ನ ಸರದಿ ತಪ್ಪಿಹೋಗಿ, ಅದು ತುಂಬಿದ್ದು ಅಕ್ಟೋಬರ್ 31ರ ಸಾರ್ವತ್ರಿಕ ಚುನಾವಣೆಯಲ್ಲಿ. ಇಲ್ಲಿ ನೀವು ಒಳ ಉದ್ದೇಶ ಹುಡುಕಲು ಹೋಗಬೇಡಿ. ಈ ತಾರೀಕುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಓದುಗರಿಗೆ ಅರ್ಥವಾಗುತ್ತದೆ.

ತಪ್ಪು ಎಂದೆನಲ್ಲ, ಅದು ಯಾವುದೆಂದರೆ ಹಿರೋಶಿಮಾದಲ್ಲಿ ಅಂದು ನಡೆದದ್ದು ಉಪಚುನಾವಣೆಯೇ ಅಲ್ಲ. ಶಿಕ್ಷೆ ಅಂತಿಮವಾದಾಗ ಅನ್ರಿಯವರ 2019ರ ಆಯ್ಕೆಯೇ ಅಸಿಂಧುವಾಯಿತು. ಹೀಗಾದಾಗ ನಡೆಯುವುದು ಮರುಚುನಾವಣೆ, ಜಪಾನಿಯಲ್ಲಿ ‘ಸೈಸೆನ್ಕ್ಯೊ’. ಸದಸ್ಯರು ಸತ್ತಾಗ, ರಾಜೀನಾಮೆ ಕೊಟ್ಟಾಗ ನಡೆಯುವುದು ‘ಹೊಕೆತ್ಸು ಸೆನ್ಕ್ಯೊ’, ಪತ್ರಿಕೆಗಳ ಬಾಯಲ್ಲಿ ‘ಹೊಸೆನ್’. ಅದೇ ಏಪ್ರಿಲ್ 25ರಂದು ನಾಗಾನೋದಲ್ಲಿ ನಡೆದದ್ದು ಹೊಸೆನ್. ಅಲ್ಲಿನ ಸದಸ್ಯ ಹಾತಾ ಯೂಇಚಿರೋ 2020ರ ಡಿಸೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು, ತಮ್ಮ ಜಿರೋ ನಿಂತು ಗೆದ್ದರು. ಒಂದೇ ದಿನ, ಒಂದೇ ಬಗೆಯ ಮತಪೆಟ್ಟಿಗೆ, ಆದರೆ ಕಾನೂನಿನಲ್ಲಿ ಎರಡು ಬೇರೆ ಚುನಾವಣೆ. ಕನ್ನಡದಲ್ಲೂ ಎರಡು ಪದ ಇದ್ದೇ ಇವೆ, ಬಳಸಿ.

ಇನ್ನು ಮಾಜಿ ಪ್ರಧಾನಿ ಅಬೆ ಶಿಂಜೊ ಅವರ ಸ್ಥಾನ. ‘2022ರ ಜುಲೈ 8ರಂದು ಅವರ ಹತ್ಯೆಯಾದರೂ ಸರ್ಕಾರ ಅನುಕಂಪದ ಅಲೆಗಾಗಿ ಕಾದು ಏಪ್ರಿಲ್‌ನಲ್ಲಿ ಚುನಾವಣೆ ಮಾಡಿತು’ ಎಂದಿದ್ದೀರಿ. ಲೆಕ್ಕದ ಪ್ರಕಾರ ಆ ಸ್ಥಾನಕ್ಕೆ ಅಕ್ಟೋಬರ್‌ನಲ್ಲೇ ಮತದಾನ ಆಗಬೇಕಿತ್ತು ಎನ್ನುವ ನಿಮ್ಮ ಅನುಮಾನ ಸರಿಯೇ. ಆದರೆ ಕಾರಣ ಬೇರೆ. ಕ್ಷೇತ್ರಗಳ ಮತದಾರರ ಸಂಖ್ಯೆಯಲ್ಲಿ ಅಜಗಜಾಂತರ ಇದೆ, ಒಂದು ಮತದ ಬೆಲೆ ಎಲ್ಲ ಕಡೆ ಒಂದೇ ಆಗಿಲ್ಲ ಎಂದು 2021ರ ಚುನಾವಣೆಯನ್ನು ಪ್ರಶ್ನಿಸಿ ದೇಶದುದ್ದಕ್ಕೂ ದಾವೆಗಳಿದ್ದವು. ಚುನಾವಣೆಯ ಸಿಂಧುತ್ವವೇ ಕೋರ್ಟಿನಲ್ಲಿರುವಾಗ ಆ ಕ್ಷೇತ್ರದಲ್ಲಿ ಉಪಚುನಾವಣೆ ನಡೆಸುವಂತಿಲ್ಲ. ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2023ರ ಜನವರಿ 25ಕ್ಕೆ. ಹಾಗಾಗಿ ಯಾಮಾಗುಚಿ 4ನೇ ಕ್ಷೇತ್ರ ಒಂಬತ್ತು ತಿಂಗಳು ಖಾಲಿ ಇದ್ದು, ಏಪ್ರಿಲ್ 23ರಂದು ಮತ ಹಾಕಿತು. ಅನುಕಂಪದ ಅಲೆ ನಮ್ಮ ಉಪಚುನಾವಣೆಗಳ ವರದಿಯಲ್ಲಿ ಸದಾ ಸಿಗುವ ಮಾತು. ಕೈಗೆ ಸಿಕ್ಕಿತೆಂದು ಅದನ್ನು ಅಬೆ ಕ್ಷೇತ್ರದ ಶಿಮೊನೊಸೆಕಿ ಊರಿಗೆ ಹೊತ್ತೊಯ್ಯಬೇಡಿ.

‘ಯಾವ ಸದಸ್ಯ ಹೋದರೂ ಉಪಚುನಾವಣೆ’ ಎಂಬ ಸಾಲನ್ನೂ ಹೊಡೆದುಹಾಕಿ. ಕೆಳಮನೆಯ 465 ಸ್ಥಾನಗಳಲ್ಲಿ 289 ಏಕಸದಸ್ಯ ಕ್ಷೇತ್ರಗಳು, ಉಪಚುನಾವಣೆ ಇವಕ್ಕೆ ಮಾತ್ರ. ಉಳಿದ 176 ಸ್ಥಾನಗಳು 11 ವಲಯಗಳಲ್ಲಿ ಪಕ್ಷಗಳ ಪಟ್ಟಿಯಿಂದ ಬರುವಂಥವು. ಅಲ್ಲಿ ಯಾರಾದರೂ ಹೋದರೆ ಅದೇ ಪಟ್ಟಿಯಲ್ಲಿ ಮುಂದಿರುವವರು ಸುಮ್ಮನೆ ಮೇಲೆ ಬರುತ್ತಾರೆ. ಮೇಲ್ಮನೆಯಲ್ಲಿ ಇನ್ನೊಂದು ತಿರುವು ಇದೆ: ಒಂದು ಚುನಾವಣೆಯಲ್ಲಿ ಆ ಕ್ಷೇತ್ರ ಆರಿಸುವ ಸ್ಥಾನಗಳ ಕಾಲು ಭಾಗಕ್ಕಿಂತ ಹೆಚ್ಚು ಖಾಲಿಯಾದರೆ ಮಾತ್ರ ಉಪಚುನಾವಣೆ. ಒಬ್ಬರನ್ನೋ ಮೂವರನ್ನೋ ಆರಿಸುವ ಕಡೆ ಒಬ್ಬರು ಹೋದರೂ ಸಾಕು. ನಾಲ್ವರನ್ನು ಆರಿಸುವ ಕಡೆ ಒಬ್ಬರು ಹೋದರೆ ಅದು ಸರಿಯಾಗಿ ಕಾಲು ಭಾಗ, ‘ಹೆಚ್ಚು’ ಅಲ್ಲ. ಕನಗಾವಾದ ಮತ್ಸುಜಾವಾ ಶಿಗೆಫುಮಿ 2021ರಲ್ಲಿ ಯೊಕೊಹಾಮಾ ಮೇಯರ್ ಚುನಾವಣೆಗೆ ನಿಲ್ಲಲು ಸ್ಥಾನ ಬಿಟ್ಟಾಗ ಹೀಗೇ ಆಯಿತು. ಉಪಚುನಾವಣೆ ನಡೆಯಲಿಲ್ಲ. ಮರುವರ್ಷ ಅಲ್ಲಿ ನಾಲ್ವರ ಬದಲು ಐವರನ್ನು ಆರಿಸಿದರು, ಐದನೆಯವರಿಗೆ ಸಿಕ್ಕಿದ್ದು ಆರರ ಬದಲು ಮೂರೇ ವರ್ಷ.

ಈಗ ನಿಮ್ಮ ಲೇಖನದ ನಡುಭಾಗದ ದೃಶ್ಯಕ್ಕೆ ಬರೋಣ. ಅಭ್ಯರ್ಥಿ ‘ಮನೆಮನೆಯ ಬಾಗಿಲು ತಟ್ಟಿ, ಅಜ್ಜಿಯರ ಕಾಲು ಮುಟ್ಟಿ’ ಮತ ಕೇಳುತ್ತಾನೆ. ಮತದಾರರು ‘ಗುಂಡಿ ಒತ್ತಿ’ ಹೊರಬರುತ್ತಾರೆ. ಬರವಣಿಗೆ ಚೆನ್ನಾಗಿದೆ, ಕಣ್ಣಿಗೆ ಕಟ್ಟುತ್ತದೆ. ಆದರೆ ಜಪಾನಿನಲ್ಲಿ ಇದು ನಡೆದರೆ ಅಭ್ಯರ್ಥಿಯ ಮೇಲೆ ಕೇಸು ಬೀಳುತ್ತದೆ. ಮತ ಕೇಳಲು ಮನೆಮನೆಗೆ ಹೋಗುವುದನ್ನು ಅಲ್ಲಿ 1925ರಿಂದಲೇ ನಿಷೇಧಿಸಿದ್ದಾರೆ. ಅದಕ್ಕೇ ಪ್ರಚಾರವೆಲ್ಲ ಬೀದಿಯಲ್ಲಿ: ರೈಲು ನಿಲ್ದಾಣದ ಮುಂದೆ ನಿಂತು ಭಾಷಣ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಹೆಸರು ಕೂಗುತ್ತ ಸಾಗುವ ಧ್ವನಿವರ್ಧಕದ ವ್ಯಾನು, ಕಿಟಕಿಯಿಂದ ಬೀಸುವ ಬಿಳಿ ಕೈಗವಸಿನ ಕೈ. ಕೆಳಮನೆಯ ಸ್ಥಾನಕ್ಕಾದರೆ ಇಷ್ಟಕ್ಕೆಲ್ಲ 12 ದಿನ, ಮೇಲ್ಮನೆಗಾದರೆ 17 ದಿನ. ಠೇವಣಿ 30 ಲಕ್ಷ ಯೆನ್. ಕೆಳಮನೆಯ ಕ್ಷೇತ್ರದಲ್ಲಿ ಸಿಂಧು ಮತಗಳ ಹತ್ತನೇ ಒಂದು ಭಾಗ ಸಿಗದಿದ್ದರೆ ಅದು ಹೋದ ಹಾಗೆ.

ಗುಂಡಿಯಂತೂ ಇಲ್ಲವೇ ಇಲ್ಲ. ಮತದಾರರು ಪೆನ್ಸಿಲ್ ಹಿಡಿದು ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಚೀಟಿ ಒಂದು ಬಗೆಯ ಸಿಂಥೆಟಿಕ್ ಕಾಗದ. ಮಡಚಿ ಪೆಟ್ಟಿಗೆಗೆ ಹಾಕಿದರೂ ಒಳಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಎಣಿಸುವವರಿಗೆ ಬಿಡಿಸುವ ಕೆಲಸ ತಪ್ಪುತ್ತದೆ. ಒಂದೇ ಮನೆತನದ ಹೆಸರಿನ ಇಬ್ಬರು ಕಣದಲ್ಲಿದ್ದು, ಚೀಟಿಯಲ್ಲಿ ಆ ಹೆಸರಷ್ಟೇ ಇದ್ದರೆ, ಅಂಥ ಮತಗಳನ್ನು ಇಬ್ಬರಿಗೂ ಅವರವರ ಉಳಿದ ಮತಗಳ ಪ್ರಮಾಣದಲ್ಲಿ ಹಂಚುತ್ತಾರೆ. ಆಗ ಫಲಿತಾಂಶದಲ್ಲಿ ದಶಮಾಂಶ ಚುಕ್ಕಿಯೂ ಬರುತ್ತದೆ. ಬೆಳಿಗ್ಗೆ 7ಕ್ಕೆ ಮತಗಟ್ಟೆ ತೆರೆದಾಗ ಮೊದಲು ಬಂದ ಮತದಾರರಿಗೆ ಪೆಟ್ಟಿಗೆ ತೆರೆದು, ಒಳಗೆ ಏನೂ ಇಲ್ಲ ಎಂದು ತೋರಿಸುತ್ತಾರೆ. ನಿಮ್ಮ ದೃಶ್ಯಕ್ಕೆ ಬೇಕಾದ ಸಾಮಗ್ರಿ ಇದು. ಅಜ್ಜಿಯರ ಕಾಲಿಗಿಂತ ಆ ಖಾಲಿ ಪೆಟ್ಟಿಗೆಯೊಳಗೆ ಬಗ್ಗಿ ನೋಡುವ ಮತದಾರನನ್ನು ಬರೆಯಿರಿ.

ನಮ್ಮ ಓದುಗರಿಗೆ ಹೋಲಿಕೆ ಬೇಕು ಎಂಬ ನಿಮ್ಮ ಆಸೆ ಸಹಜ. ಆದರೆ 1978ರ ಚಿಕ್ಕಮಗಳೂರು ಇಲ್ಲಿ ಹೊಂದುವುದಿಲ್ಲ, ತೆಗೆಯಿರಿ. ನಿಜವಾಗಿ ಹೊಂದುವುದು 2019ರ ಡಿಸೆಂಬರ್ 5. ಅಂದು ರಾಜ್ಯದ 15 ವಿಧಾನಸಭಾ ಕ್ಷೇತ್ರಗಳಲ್ಲಿ, ರಾಜೀನಾಮೆ ಕೊಟ್ಟು ಅನರ್ಹರಾಗಿದ್ದ ಶಾಸಕರಲ್ಲಿ ಹಲವರು ಸುಪ್ರೀಂ ಕೋರ್ಟಿನ ಅನುಮತಿಯಿಂದ ತಮ್ಮದೇ ಖಾಲಿ ಸ್ಥಾನಕ್ಕೆ, ಹೊಸ ಪಕ್ಷದಿಂದ ನಿಂತರು. ಜಪಾನಿನಲ್ಲಿ ಅದು ಸಾಧ್ಯವೇ ಇಲ್ಲ. ತಾನಾಗಿ ರಾಜೀನಾಮೆ ಕೊಟ್ಟ ಕ್ಷೇತ್ರದ ಸದಸ್ಯ, ಆ ರಾಜೀನಾಮೆಯಿಂದ ಬಂದ ಉಪಚುನಾವಣೆಗೆ ನಿಲ್ಲುವಂತಿಲ್ಲ. ಅಲ್ಲಿನ ಚುನಾವಣಾ ಕಾಯ್ದೆಯ 87-2ನೇ ಕಲಮು ಅದನ್ನು ತಡೆಯುತ್ತದೆ. ಕರ್ನಾಟಕದ ಓದುಗರಿಗೆ ಈ ಒಂದು ವಾಕ್ಯ ನಾಟುವಷ್ಟು ಬೇರಾವ ಹೋಲಿಕೆಯೂ ನಾಟುವುದಿಲ್ಲ.

ಕೊನೆಯ ಭಾಗದಲ್ಲಿ ‘ಉಪಚುನಾವಣೆ ಸೋತ ಪ್ರಧಾನಿ ಮನೆಗೆ ಹೋಗುತ್ತಾನೆ’ ಎಂದು ತೀರ್ಮಾನ ಕೊಟ್ಟಿದ್ದೀರಿ. 2021ರ ಏಪ್ರಿಲ್‌ನಲ್ಲಿ ಆಡಳಿತ ಪಕ್ಷವಾದ ಲಿಬರಲ್ ಡೆಮಾಕ್ರಟಿಕ್ ಪಕ್ಷಕ್ಕೆ (ಎಲ್‌ಡಿಪಿ) ಮೂರರಲ್ಲಿ ಒಂದೂ ಬರಲಿಲ್ಲ, ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಸುಗಾ ಹಿಂದೆ ಸರಿದರು, ನಿಜ. 2024ರ ಏಪ್ರಿಲ್ 28ರಂದು ಟೋಕಿಯೊ 15, ಶಿಮಾನೆ 1, ನಾಗಾಸಾಕಿ 3 ಮೂರೂ ವಿರೋಧ ಪಕ್ಷವಾದ ಕಾನ್‌ಸ್ಟಿಟ್ಯೂಷನಲ್ ಡೆಮಾಕ್ರಟಿಕ್ ಪಕ್ಷದ ಪಾಲಾದವು, ಆಗಸ್ಟ್ 14ರಂದು ಪ್ರಧಾನಿ ಕಿಶಿದಾ ತಾನು ಪಕ್ಷದ ನಾಯಕತ್ವಕ್ಕೆ ಮತ್ತೆ ನಿಲ್ಲುವುದಿಲ್ಲ ಎಂದರು, ಅದೂ ನಿಜ. ಆದರೆ ನಡುವೆ ತಿಂಗಳುಗಳೇ ಕಳೆದಿವೆ. ಒಂದು ಕಡೆ ಕೋವಿಡ್, ಇನ್ನೊಂದು ಕಡೆ ಪಕ್ಷದ ಬಣಗಳ ಲೆಕ್ಕಕ್ಕೆ ಸಿಗದ ಹಣದ ಹಗರಣ. ಅಲ್ಲದೆ 2024ರ ಮೂರರಲ್ಲಿ ಎರಡು ಕಡೆ ಎಲ್‌ಡಿಪಿ ಅಭ್ಯರ್ಥಿಯನ್ನೇ ಹಾಕಿರಲಿಲ್ಲ. ನಿಲ್ಲದ ಪಕ್ಷ ‘ಸೋತಿತು’ ಎಂದು ಬರೆಯುವ ಮುನ್ನ ಒಂದು ಸಲ ಯೋಚಿಸಬೇಕು. ಶಿಮಾನೆ 1ರ ಸೋಲು ಮಾತ್ರ ನಿಜವಾದ ಪೆಟ್ಟು: 1996ರಲ್ಲಿ ಏಕಸದಸ್ಯ ಕ್ಷೇತ್ರ ಪದ್ಧತಿ ಬಂದ ಮೇಲೆ ಅಲ್ಲಿ ಆ ಪಕ್ಷ ಒಮ್ಮೆಯೂ ಸೋತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಹನ್ನೊಂದು ಚುನಾವಣೆಗಳನ್ನು ಒಂದೇ ಲೇಖನದಲ್ಲಿ ತುರುಕಿದ್ದೀರಿ. ಹತ್ತನ್ನು ಬಿಡಿ. 2023ರ ಏಪ್ರಿಲ್ 23ರ ಓಯಿತಾ ಪ್ರಾಂತ್ಯವನ್ನು ಹಿಡಿಯಿರಿ, ನೀವು ಅದನ್ನು ಬರೀ ‘ರೋಚಕ ಹಣಾಹಣಿ’ ಎಂದು ಕರೆದು ಮುಂದೆ ಹೋಗಿದ್ದೀರಿ. ಅಲ್ಲಿನ ಮೇಲ್ಮನೆ ಸದಸ್ಯ ಅದಾಚಿ ಕಿಯೊಶಿ ಗವರ್ನರ್ ಆಗಲು ಹೊರಟು ಸ್ಥಾನ ಬಿಟ್ಟರು, ಗವರ್ನರ್ ಚುನಾವಣೆಯನ್ನೂ ಸೋತರು. ಖಾಲಿ ಸ್ಥಾನಕ್ಕೆ ಎಲ್‌ಡಿಪಿಯಿಂದ ಶಿರಸಾಕಾ ಅಕಿ, ಕಾನ್‌ಸ್ಟಿಟ್ಯೂಷನಲ್ ಡೆಮಾಕ್ರಟಿಕ್ ಪಕ್ಷದಿಂದ ಯೊಶಿದಾ ತದಾತೊಮೊ. ಶಿರಸಾಕಾ ಅವರಿಗೆ 1,96,122 ಮತ, ಯೊಶಿದಾ ಅವರಿಗೆ 1,95,781. ಅಂತರ 341.

ಇದರ ಹಿಂದೆ ಇನ್ನೊಂದು ನಷ್ಟವಿದೆ, ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಯೊಶಿದಾ ಆಗಲೇ ಮೇಲ್ಮನೆಯಲ್ಲಿದ್ದವರು, ಪಟ್ಟಿಯ ಸದಸ್ಯ. ಬೇರೆ ಚುನಾವಣೆಗೆ ನಾಮಪತ್ರ ಸಲ್ಲಿಸಿದ ಕ್ಷಣ ಹಳೆಯ ಸ್ಥಾನ ಹೋಗುತ್ತದೆ. ಅವರು 2019ರಲ್ಲಿ ಗೆದ್ದದ್ದು ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಪಟ್ಟಿಯಿಂದ, ಆಮೇಲೆ ಪಕ್ಷ ಬದಲಿಸಿದ್ದರು. ಪಟ್ಟಿ ಪಕ್ಷದ ಸ್ವತ್ತು. ಆದ್ದರಿಂದ ಆ ಸ್ಥಾನ ಅವರ ಹೊಸ ಪಕ್ಷಕ್ಕೆ ಉಳಿಯದೆ ಹಳೆಯ ಪಕ್ಷದ ಪಟ್ಟಿಯ ಮುಂದಿನವರಾದ ಓತ್ಸುಬಾಕಿ ಯೂಕೊ ಅವರಿಗೆ ಹೋಯಿತು. 341 ಮತದಲ್ಲಿ ಹೊಸ ಸ್ಥಾನವೂ ಸಿಗಲಿಲ್ಲ, ಇದ್ದದ್ದೂ ಕೈಬಿಟ್ಟಿತು. ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ, ಇಲ್ಲಿ 2025ರ ಜುಲೈವರೆಗೆ. ಆಗ ಅದೇ ಓಯಿತಾದಲ್ಲಿ ಯೊಶಿದಾ ಮತ್ತೆ ನಿಂತು ಗೆದ್ದರು.

ನಾನು ಮೇಲೆ ಹೇಳಿದ ನಿಯಮಗಳಲ್ಲಿ ಬಹುಪಾಲು ಈ ಒಂದೇ ಪ್ರಾಂತ್ಯದ ಕಥೆಯೊಳಗೆ ಬರುತ್ತವೆ: ಎರಡು ಭಾನುವಾರಗಳ ಪಂಚಾಂಗ, ಕಾಲು ಭಾಗದ ಲೆಕ್ಕ, ಪಟ್ಟಿಯಿಂದ ಮೇಲೇರುವುದು, 17 ದಿನದ ಪ್ರಚಾರ. ಬಂದಾಗ ಎರಡು ವಾಕ್ಯದಲ್ಲಿ ವಿವರಿಸಿ ಮುಂದೆ ಸಾಗಿ. 1,200 ಪದ ದಾಟಬೇಡಿ. ವ್ಯಕ್ತಿಯ ಹೆಸರು ಬರೆಯುವಾಗ ಮನೆತನದ ಹೆಸರು ಮೊದಲು ಬರಲಿ. ಈಗ ನಿಮ್ಮಲ್ಲಿ ಅಬೆ ಒಂದು ಕಡೆ ‘ಶಿಂಜೊ ಅಬೆ’, ಇನ್ನೊಂದು ಕಡೆ ‘ಅಬೆ ಶಿಂಜೊ’ ಆಗಿದ್ದಾರೆ. ಪ್ರತಿ ರಾಜೀನಾಮೆಯ ಪಕ್ಕ ತಾರೀಕು, ಪ್ರತಿ ಗೆಲುವಿನ ಪಕ್ಕ ಮತಸಂಖ್ಯೆ ಇರಲಿ. ಶೀರ್ಷಿಕೆ ಹಾಗೇ ಉಳಿಯಲಿ, ‘ಕುರ್ಚಿಗಳು’ ಎನ್ನುವುದನ್ನು ಮಾತ್ರ ‘ಕುರ್ಚಿ’ ಮಾಡಿ. ತಿದ್ದಿದ ಪ್ರತಿ ಬಂದ ವಾರದೊಳಗೆ ಓದಿ ತಿಳಿಸುತ್ತೇನೆ.