ಚಿಯಾಂಗ್ ಮಾಯ್ ಅಗ್ಗದ ಊರು ನಿಜ, ಆದರೆ ಯಾರಿಗೆ?

ಹೊರದೇಶದಲ್ಲಿ ಸಂಸಾರ ಹೂಡುವ ಬಗ್ಗೆ ಬರುವ ಪತ್ರಗಳಲ್ಲಿ ಈಚೆಗೆ ಥಾಯ್ಲೆಂಡಿನ ಉತ್ತರದಲ್ಲಿರುವ ಚಿಯಾಂಗ್ ಮಾಯ್ ಹೆಸರು ಪದೇ ಪದೇ ಕಾಣಿಸುತ್ತಿದೆ. ಹಾಗಾಗಿ ಈ ಸಲ ಆ ಊರಿನ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇನೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಅಲ್ಲಿನ ಹಣ ಬಾತ್ ಒಂದಕ್ಕೆ 2.75 ರೂಪಾಯಿ ಹಿಡಿದಿದ್ದೇನೆ. ನೀವು ಓದುವ ಹೊತ್ತಿಗೆ ದರ ಬದಲಾಗಿರಬಹುದು, ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಯಸ್ಸು 61. ಹೆಂಡತಿಗೆ 57. ಮೈಸೂರಿನಲ್ಲಿ ಸ್ವಂತ ಮನೆ ಇದೆ. ಪಿಂಚಣಿ, ಬಡ್ಡಿ ಎಲ್ಲ ಸೇರಿ ತಿಂಗಳಿಗೆ 80 ಸಾವಿರ ಬರುತ್ತದೆ. ಚಿಯಾಂಗ್ ಮಾಯ್‌ನಲ್ಲಿ 50 ಸಾವಿರಕ್ಕೆ ಇಬ್ಬರು ರಾಜರ ಹಾಗೆ ಇರಬಹುದು ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಮನೆ ಬಾಡಿಗೆಗೆ ಕೊಟ್ಟು ಅಲ್ಲೇ ಇದ್ದುಬಿಡಬಹುದೇ?
– ನಿವೃತ್ತ ದಂಪತಿ, ಮೈಸೂರು

ಉತ್ತರ: ಆ ವಿಡಿಯೊ ಮಾಡಿದವರು ಎಲ್ಲಿಂದ ಬಂದವರು ಅಂತ ಮೊದಲು ನೋಡಿ ಸರ್. ಮುಕ್ಕಾಲು ಪಾಲು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆಯವರು. ತಮ್ಮ ಊರಿನಲ್ಲಿ ಒಂದು ಕೋಣೆಗೆ ಕೊಡುತ್ತಿದ್ದ ಬಾಡಿಗೆಯಲ್ಲಿ ಚಿಯಾಂಗ್ ಮಾಯ್‌ನಲ್ಲಿ ಇಡೀ ತಿಂಗಳು ಕಳೆಯುತ್ತಾರೆ. ಅವರಿಗೆ ಈ ಊರು ಅಗ್ಗ, ಅದರಲ್ಲಿ ಸುಳ್ಳಿಲ್ಲ. ಮೈಸೂರಿನಲ್ಲಿ ಸ್ವಂತ ಮನೆಯಲ್ಲಿ ಇರುವವರಿಗೆ ಇದು ಅಗ್ಗವಲ್ಲ. ನೀವು ಈಗ ಮಾಡುತ್ತಿರುವ ಖರ್ಚಿಗಿಂತ ಜಾಸ್ತಿಯೇ ಆಗುತ್ತದೆ.

ಲೆಕ್ಕ ಹಾಕೋಣ. ಇಬ್ಬರಿಗೆ ಒಂದು ಮಲಗುವ ಕೋಣೆ, ಚಿಕ್ಕ ಅಡುಗೆಮನೆ ಇರುವ ಫ್ಲ್ಯಾಟು ಸಾಂತಿತಮ್ ಥರದ ಸಾಮಾನ್ಯ ಬಡಾವಣೆಯಲ್ಲಿ 11,000 ಬಾತ್ ಎಂದಿಟ್ಟುಕೊಳ್ಳಿ. ನಿಮ್ಮನ್‌ಹೇಮಿನ್ ಬಡಾವಣೆಯ ಕಡೆ ಹೋದರೆ ಇದು ಹದಿನೈದು ಸಾವಿರ ದಾಟುತ್ತದೆ. ಕರೆಂಟು, ನೀರು 2,000. ಇಂಟರ್‌ನೆಟ್, ಎರಡು ಫೋನು 900. ಮನೆಯಲ್ಲಿ ಅಡುಗೆ, ವಾರಕ್ಕೆ ಮೂರ್ನಾಲ್ಕು ಸಲ ಹೊರಗೆ ಊಟ ಅಂದರೆ 13,000. ಓಡಾಟಕ್ಕೆ 3,000. ಔಷಧಿ, ಬಟ್ಟೆ ಒಗೆಸುವುದು, ಚಿಲ್ಲರೆ ಖರ್ಚು ಇನ್ನೊಂದು 3,000. ಒಟ್ಟು 33 ಸಾವಿರ ಬಾತ್ ಹತ್ತಿರ, ನಮ್ಮ ದುಡ್ಡಲ್ಲಿ 90 ಸಾವಿರ. ಇದರಲ್ಲಿ ರಾಜರ ಹಾಗೆ ಏನೂ ಇಲ್ಲ, ನೆಮ್ಮದಿಯ ಸಂಸಾರ ಅಷ್ಟೆ. ವೀಸಾ, ವಿಮೆ, ವಿಮಾನದ ಟಿಕೆಟ್ ಇನ್ನೂ ಸೇರಿಸಿಲ್ಲ.

ರೂಪಾಯಿಯದ್ದು ಬೇರೆ ಕಥೆ. 2022ರ ಮಧ್ಯದಲ್ಲಿ ಒಂದು ಬಾತ್‌ಗೆ ಎರಡೂಕಾಲು ರೂಪಾಯಿ ಆಸುಪಾಸಿನಲ್ಲಿತ್ತು. ಅದೇ 33 ಸಾವಿರ ಬಾತ್ ಆಗ 74 ಸಾವಿರ ರೂಪಾಯಿ. ಅಲ್ಲಿನ ಅಂಗಡಿಯವನು ಒಂದು ಪೈಸೆ ಏರಿಸದೆ ಇದ್ದರೂ ನಿಮ್ಮ ಖರ್ಚು ತಿಂಗಳಿಗೆ 16 ಸಾವಿರ ಮೇಲೇರಿತು. ಪಿಂಚಣಿ ರೂಪಾಯಿಯಲ್ಲಿ, ಖರ್ಚು ಬಾತ್‌ನಲ್ಲಿ ಅಂದರೆ ಈ ತಲೆಬಿಸಿ ಕೊನೆಯವರೆಗೂ ಇದ್ದೇ ಇರುತ್ತದೆ.

ಇನ್ನು ವೀಸಾ. 50 ದಾಟಿದವರಿಗೆ ನಿವೃತ್ತಿಯ ಆಧಾರದಲ್ಲಿ ವರ್ಷ ವರ್ಷ ಇರಲು ಅವಕಾಶ ಇದೆ. ಅದಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ತೋರಿಸಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ಇರಬೇಕು. 65,000 ಬಾತ್ ಅಂದರೆ ಪೌಣೇ ಎರಡು ಲಕ್ಷ ರೂಪಾಯಿಗೂ ಮೇಲೆ, ಅದು ನಿಮಗೆ ಆಗದು. ಠೇವಣಿಯ ದಾರಿ ಹಿಡಿದರೆ 22 ಲಕ್ಷ ರೂಪಾಯಿ ಅಲ್ಲಿ ಕೂತುಬಿಡುತ್ತದೆ. ಇಷ್ಟು ಹಣ ಒಂದೇ ಹಣಕಾಸು ವರ್ಷದಲ್ಲಿ ಒಬ್ಬರ ಹೆಸರಿನಲ್ಲಿ ಕಳಿಸಿದರೆ 10 ಲಕ್ಷ ದಾಟಿದ ಮೊತ್ತಕ್ಕೆ ನಮ್ಮ ಬ್ಯಾಂಕು ಶೇ 20ರಷ್ಟು ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಅಂದರೆ 2 ಲಕ್ಷ 40 ಸಾವಿರ. ರಿಟರ್ನ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ. ಒಂದಷ್ಟು ಮಾರ್ಚ್‌ನಲ್ಲಿ, ಒಂದಷ್ಟು ಏಪ್ರಿಲ್‌ನಲ್ಲಿ ಕಳಿಸಿದರೆ ಈ ಹೊರೆ ಬಹುಮಟ್ಟಿಗೆ ತಪ್ಪುತ್ತದೆ. ಬ್ಯಾಂಕಿನಲ್ಲಿ ಇದ್ದವರು ನೀವು, ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ವರ್ಷದಲ್ಲಿ 180 ದಿನ ಅಥವಾ ಅದಕ್ಕಿಂತ ಹೆಚ್ಚು ಅಲ್ಲಿದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ ಆಗುತ್ತೀರಿ. 2024ರ ಜನವರಿಯಿಂದ ಅಂಥವರು ಹೊರದೇಶದ ಆದಾಯವನ್ನು ಥಾಯ್ಲೆಂಡಿಗೆ ತಂದರೆ ಅದೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಎರಡು ದೇಶಗಳ ನಡುವೆ ಒಪ್ಪಂದ ಇದೆ, ಎರಡೆರಡು ಸಲ ಕಟ್ಟಬೇಕಿಲ್ಲ. ಆದರೆ ಕಾಗದ ಪತ್ರದ ಓಡಾಟ ಇದ್ದೇ ಇದೆ.

ವಿಡಿಯೊದಲ್ಲಿ ಸಾಮಾನ್ಯವಾಗಿ ತೋರಿಸದೆ ಬಿಡುವ ಒಂದು ಖರ್ಚು ಹೊಗೆಯದ್ದು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಸುತ್ತಲಿನ ಹೊಲದ ಕೂಳೆಗೆ ಬೆಂಕಿ ಇಡುತ್ತಾರೆ, ಕಾಡಿಗೂ ಬೆಂಕಿ ಬೀಳುತ್ತದೆ. ಗಡಿಯಾಚೆ ಮ್ಯಾನ್ಮಾರ್ ಕಡೆಯಿಂದಲೂ ಹೊಗೆ ಬರುತ್ತದೆ. ಊರು ಇರುವುದು ಬೆಟ್ಟಗಳ ನಡುವಿನ ಕಣಿವೆಯಲ್ಲಿ. ಬಂದ ಹೊಗೆ ಹೊರಗೆ ಹೋಗುವುದೇ ಇಲ್ಲ. ಊರಿನ ಪಕ್ಕದಲ್ಲೇ ಇರುವ ದೋಯ್ ಸುತೇಪ್ ಬೆಟ್ಟ ದಿನಗಟ್ಟಲೆ ಕಾಣಿಸುವುದಿಲ್ಲ. ಆ ದಿನಗಳಲ್ಲಿ ಇದು ಜಗತ್ತಿನ ಅತಿ ಮಲಿನ ಗಾಳಿಯ ನಗರಗಳ ಪಟ್ಟಿಯ ತುದಿಗೆ ಹೋಗಿ ಕೂರುತ್ತದೆ. ಅನುಕೂಲ ಇದ್ದವರು ದಕ್ಷಿಣದ ಸಮುದ್ರ ತೀರಕ್ಕೆ ಹೋಗಿಬಿಡುತ್ತಾರೆ. ಇಲ್ಲಿ ಮನೆ ಬಾಡಿಗೆ ಕಟ್ಟುತ್ತಲೇ ಅಲ್ಲಿ ಇನ್ನೊಂದು ಬಾಡಿಗೆ. ಇಲ್ಲೇ ಇರುವವರು ಗಾಳಿ ಶುದ್ಧೀಕರಿಸುವ ಯಂತ್ರ ಕೊಂಡು, ಕಿಟಕಿ ಮುಚ್ಚಿ, ಏಸಿ ಹಾಕಿಕೊಂಡು ಕೂರುತ್ತಾರೆ. ಅರವತ್ತು ದಾಟಿದ ಶ್ವಾಸಕೋಶಕ್ಕೆ ಇದು ಹಗುರವಾದ ವಿಷಯ ಅಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೈಸೂರಿನ ಮನೆಗೆ ಬೀಗ ಹಾಕಿ, ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಹೋಗಿ ಬರುತ್ತಿದ್ದೆ. ಆಗ ಚಳಿ ಹಿತವಾಗಿರುತ್ತದೆ, ಗಾಳಿ ಚೆನ್ನಾಗಿರುತ್ತದೆ. ಭಾರತೀಯರಿಗೆ ವೀಸಾ ಇಲ್ಲದೆ ಇರುವ ಅವಧಿಯನ್ನು 2024ರ ಜುಲೈನಲ್ಲಿ 60 ದಿನಕ್ಕೆ ಏರಿಸಿದರು. ವಲಸೆ ಕಚೇರಿಯಲ್ಲಿ 1,900 ಬಾತ್ ಕಟ್ಟಿ 30 ದಿನ ವಿಸ್ತರಣೆ ಕೇಳಬಹುದು. ಈ ನಿಯಮ ಆಗಾಗ ತಿದ್ದುಪಡಿ ಆಗುವಂಥದ್ದು. ಟಿಕೆಟ್ ತೆಗೆಯುವ ಮುಂಚೆ ಚೆನ್ನೈನ ಥಾಯ್ ದೂತಾವಾಸದ ಪ್ರಕಟಣೆ ನೋಡಿಕೊಳ್ಳಿ. ಮತ್ತೆ, ನಿಮ್ಮ ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಪ್ರವಾಸ ವಿಮೆ ಮಾಡಿಸಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ.

ಪ್ರಶ್ನೆ: ಬೆಂಗಳೂರಿನ ಕಂಪನಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ವಯಸ್ಸು 29, ಒಬ್ಬಳೇ. ಕೋರಮಂಗಲದಲ್ಲಿ 28 ಸಾವಿರ ಬಾಡಿಗೆ ಕೊಡುತ್ತಿದ್ದೇನೆ. ಅದರ ಬದಲು ಆರು ತಿಂಗಳು ಚಿಯಾಂಗ್ ಮಾಯ್‌ನಲ್ಲಿ ಇದ್ದರೆ ಉಳಿತಾಯ ಆಗುತ್ತಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬಾಡಿಗೆಯಲ್ಲಿ ಸ್ವಲ್ಪ ಉಳಿಯಬಹುದು, ಒಟ್ಟಿನಲ್ಲಿ ಸರಿಸಮ. ಬದಲಾವಣೆ ಬೇಕು ಅನ್ನಿಸಿದರೆ ಹೋಗಿ ಬನ್ನಿ. ಉಳಿತಾಯ ಮಾತ್ರ ಆಗುವುದಿಲ್ಲ.

ನಿಮ್ಮಂಥವರಿಗೆಂದೇ 2024ರ ಜುಲೈನಲ್ಲಿ ಡಿಟಿವಿ ಎಂಬ ವೀಸಾ ಬಂದಿದೆ. ಐದು ವರ್ಷದ ವೀಸಾ, ಪ್ರತಿ ಸಲ ಒಳಗೆ ಹೋದಾಗ 180 ದಿನ ಇರಬಹುದು. ಶುಲ್ಕ 10 ಸಾವಿರ ಬಾತ್ ಸುಮಾರು. ಖಾತೆಯಲ್ಲಿ 5 ಲಕ್ಷ ಬಾತ್, ಅಂದರೆ 13 ಲಕ್ಷ 75 ಸಾವಿರ ರೂಪಾಯಿ ಇದೆ ಎಂದು ತೋರಿಸಬೇಕು. ಖರ್ಚು ಮಾಡಬೇಕಿಲ್ಲ, ಇದ್ದರೆ ಸಾಕು. ಆದರೆ ಥಾಯ್ ಕಂಪನಿಗೆ ಕೆಲಸ ಮಾಡುವ ಹಾಗಿಲ್ಲ. ನಿಮ್ಮ ಕಂಪನಿಯ ಎಚ್‌ಆರ್ ಹತ್ತಿರ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಮ್ಯಾನೇಜರ್ ಬಾಯಿಮಾತಿನಲ್ಲಿ ‘ಹೋಗಿ ಬಾ’ ಅಂದರೆ ಸಾಲದು. ಕಂಪನಿಗೂ ತೆರಿಗೆಯ ತೊಡಕು ಬರಬಹುದಾದ ವಿಷಯ ಇದು. ಅಕ್ಟೋಬರ್‌ನಲ್ಲಿ ಹೋಗಿ ಫೆಬ್ರವರಿಯಲ್ಲಿ ವಾಪಸಾದರೆ ಎರಡು ಕ್ಯಾಲೆಂಡರ್ ವರ್ಷಗಳಿಗೆ ದಿನಗಳು ಹಂಚಿಹೋಗುತ್ತವೆ. 180 ದಿನದ ಗೆರೆಯೂ ದಾಟುವುದಿಲ್ಲ, ಹೊಗೆಯೂ ತಪ್ಪುತ್ತದೆ.

ಮನೆಯನ್ನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಹಿಡಿಯಬೇಡಿ. ತಿಂಗಳ ಲೆಕ್ಕದ ಆ ದರ ಪ್ರವಾಸಿಗಳಿಗೆ ಹಾಕುವ ದರ. ಮೊದಲ ವಾರ ಯಾವುದಾದರೂ ಅತಿಥಿಗೃಹದಲ್ಲಿ ಇದ್ದು, ಸಾಂತಿತಮ್‌ನ ಓಣಿಗಳಲ್ಲಿ ನಡೆದಾಡಿ. ಕಟ್ಟಡದ ಕೆಳಗೇ ಒಂದು ಕಚೇರಿ ಇರುತ್ತದೆ, ಒಳಗೆ ಹೋಗಿ ಕೇಳಿದರೆ ಕೋಣೆ ತೋರಿಸುತ್ತಾರೆ. ಒಬ್ಬರಿಗೆ ಸಾಕಾಗುವ ಕೋಣೆ 6ರಿಂದ 8 ಸಾವಿರ ಬಾತ್‌ಗೆ ಸಿಗುತ್ತದೆ. ಎರಡು ತಿಂಗಳ ಮುಂಗಡ ಕೇಳುವುದು ವಾಡಿಕೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇರುವ ಬೆಂಗಳೂರಿನವರಿಗೆ ಇದು ಖುಷಿಯ ವಿಷಯವೇ ಅಲ್ವಾ?

ಸಹಿ ಹಾಕುವ ಮುಂಚೆ ಕೇಳಬೇಕಾದ್ದು ಒಂದೇ: ಕರೆಂಟು ಯೂನಿಟ್‌ಗೆ ಎಷ್ಟು? ಸರ್ಕಾರಿ ದರ ನಾಲ್ಕು ಬಾತ್ ಚಿಲ್ಲರೆ. ಎಷ್ಟೋ ಕಟ್ಟಡಗಳಲ್ಲಿ ಮಾಲೀಕರು ತಾವೇ ಮೀಟರ್ ಓದಿ ಏಳೋ ಎಂಟೋ ಬಾತ್ ಹಾಕುತ್ತಾರೆ. ತಿಂಗಳಿಗೆ 300 ಯೂನಿಟ್ ಉರಿದರೆ ಒಂದು ಕಡೆ 1,200 ಬಾತ್ ಚಿಲ್ಲರೆ, ಇನ್ನೊಂದು ಕಡೆ 2,400. ಬಾಡಿಗೆ ಸಾವಿರ ಕಮ್ಮಿ ಎಂದು ಹೋದವರು ಬಿಲ್ಲಿನಲ್ಲಿ ಅದನ್ನು ಕಟ್ಟಿರುತ್ತಾರೆ. ಕೋಣೆಗೆ ಹೋದ ದಿನವೇ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ಮಾಲೀಕರು ನಿಮ್ಮ ವಾಸದ ಮಾಹಿತಿಯನ್ನು ಟಿಎಂ 30 ನಮೂನೆಯಲ್ಲಿ ವಲಸೆ ಕಚೇರಿಗೆ ಕೊಟ್ಟಿದ್ದಾರಾ ಎಂದೂ ಕೇಳಿ, ರಸೀದಿ ಇಟ್ಟುಕೊಳ್ಳಿ. ಮುಂದೆ ಯಾವ ಅರ್ಜಿ ಹಾಕಿದರೂ ಅದು ಬೇಕಾಗುತ್ತದೆ.

ದುಡ್ಡು ತೆಗೆಯುವುದಕ್ಕೂ ದುಡ್ಡು ಹೋಗುತ್ತದೆ. ವಿದೇಶಿ ಕಾರ್ಡಿಗೆ ಎಟಿಎಂಗಳು ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿಯುತ್ತವೆ, ಅಂದರೆ 600 ರೂಪಾಯಿ. ಸಾವಿರ ತೆಗೆದರೂ ಅಷ್ಟೇ, ಇಪ್ಪತ್ತು ಸಾವಿರ ತೆಗೆದರೂ ಅಷ್ಟೇ. ಅದರ ಮೇಲೆ ನಮ್ಮ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ. ಸುಮ್ನೆ ಚೂರುಪಾರು ತೆಗೆಯಬೇಡಿ.

ಪ್ರಶ್ನೆ: ಮಗ, ಸೊಸೆ ಚಿಯಾಂಗ್ ಮಾಯ್‌ನಲ್ಲಿದ್ದಾರೆ. ಎರಡು ತಿಂಗಳು ಹೋಗುತ್ತಿದ್ದೇನೆ. ನಾವು ಈರುಳ್ಳಿ, ಬೆಳ್ಳುಳ್ಳಿ ಕೂಡ ತಿನ್ನುವುದಿಲ್ಲ. ಅಡುಗೆ ಸಾಮಾನು ಸಿಗುತ್ತದೆಯೇ, ಎಲ್ಲ ಇಲ್ಲಿಂದ ಹೊತ್ತುಕೊಂಡು ಹೋಗಬೇಕೇ?
– ಗೃಹಿಣಿ, ಉಡುಪಿ

ಉತ್ತರ: ಅಮ್ಮಾ, ನಿಮಗೆ ಒಂದು ಒಳ್ಳೆ ಸುದ್ದಿ ಇದೆ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದ ‘ಜೇ’ ಎಂಬ ಗುರುತನ್ನು ಮಗನ ಹತ್ತಿರ ತೋರಿಸಿಕೊಳ್ಳಿ. ಚೀನೀ ಬೌದ್ಧ ಸಂಪ್ರದಾಯದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆ ಗುರುತು ಇರುವ ಅಂಗಡಿಯಲ್ಲಿ ಅನ್ನ, ಎರಡು ಪಲ್ಯ ಹಾಕಿದ ತಟ್ಟೆ 40–50 ಬಾತ್‌ಗೆ ಸಿಗುತ್ತದೆ. ಉಳಿದ ಕಡೆ ತರಕಾರಿ ಮಾತ್ರ ಎಂದು ಹೇಳಿದರೂ ಮೀನಿನ ರಸ ‘ನಾಮ್ ಪ್ಲಾ’ ಬಿದ್ದಿರುತ್ತದೆ. ಪರಂಗಿಕಾಯಿ ಕೋಸಂಬರಿಯಂತೆ ಕಾಣುವ ‘ಸೋಮ್ ತಮ್’ನಲ್ಲೂ ಒಣ ಸಿಗಡಿ ಇರುತ್ತದೆ. ಕಣ್ಣಿಗೆ ಕಾಣದು, ಕೇಳಿಯೇ ತಿನ್ನಿ.

ತರಕಾರಿಗೆ ತೊಂದರೆ ಇಲ್ಲವೇ ಇಲ್ಲ. ಮುವಾಂಗ್ ಮಾಯ್ ಸಗಟು ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಹೀರೇಕಾಯಿ, ಅಲಸಂದೆ, ಬದನೆ, ಬಾಳೆಕಾಯಿ, ಬಾಳೆಹೂವು, ಎಳೆ ಹಲಸಿನಕಾಯಿ ಎಲ್ಲ ಇರುತ್ತವೆ. ಅಲ್ಲಿನವರು ನುಗ್ಗೆಕಾಯಿ ಸಾರು ಮಾಡುವವರು, ಹಾಗಾಗಿ ನುಗ್ಗೆಯೂ ಸಿಗುತ್ತದೆ. ತೆಂಗಿನಕಾಯಿಯನ್ನು ಕಣ್ಣೆದುರೇ ಯಂತ್ರದಲ್ಲಿ ತುರಿದು ಕೊಡುತ್ತಾರೆ. ಹಾಲು ತೆಗೆಯಬೇಡಿ, ತುರಿ ಮಾತ್ರ ಸಾಕು ಎಂದು ಸನ್ನೆ ಮಾಡಿ ಹೇಳಬೇಕು, ಇಲ್ಲದಿದ್ದರೆ ಹಿಂಡಿ ಹಾಲನ್ನೇ ಚೀಲಕ್ಕೆ ಕಟ್ಟಿಬಿಡುತ್ತಾರೆ. ಹುಣಸೆ, ಬೆಲ್ಲಕ್ಕೂ ಚಿಂತೆ ಇಲ್ಲ. ಅಲ್ಲಿನದು ತಾಳೆ ಬೆಲ್ಲ.

ಸಿಪ್ಪೆ ತೆಗೆದ ಹೆಸರುಬೇಳೆ ಅವರ ಸಿಹಿತಿಂಡಿಗೆ ಬೇಕೇ ಬೇಕು, ಹಾಗಾಗಿ ಎಲ್ಲೆಡೆ ಸಿಗುತ್ತದೆ. ತೊಗರಿ, ಉದ್ದು ಮಾತ್ರ ಭಾರತೀಯ ಸಾಮಾನಿನ ಅಂಗಡಿಯಲ್ಲೇ, ದುಬಾರಿ. ಇಂಗು, ಸಾರಿನ ಪುಡಿ, ಉದ್ದಿನಬೇಳೆ ನಿಮ್ಮ ಚೀಲದಲ್ಲಿರಲಿ. ಅಕ್ಕಿ ಬೇಡ. ಅಲ್ಲಿ ಮಲ್ಲಿಗೆ ಅಕ್ಕಿ ಅಂಟುತ್ತದೆ, ಚಿತ್ರಾನ್ನಕ್ಕೆ ಆಗುವುದಿಲ್ಲ. ‘ಸಾವ್‌ಹಾಯ್’ ಅಕ್ಕಿ ಕೇಳಿ, ಅದು ಉದುರುದುರಾಗಿರುತ್ತದೆ.

ಮಗನ ಮನೆಯಲ್ಲಿ ಅಡುಗೆಮನೆ ಎಂಥದ್ದು ಎಂದು ಈಗಲೇ ಕೇಳಿ. ಎಷ್ಟೋ ಕೋಣೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ, ಬಾಲ್ಕನಿಯಲ್ಲಿ ಒಂದು ಸಿಂಕು ಇರುತ್ತದೆ ಅಷ್ಟೆ. ಫ್ಲ್ಯಾಟುಗಳಲ್ಲಿ ಗ್ಯಾಸ್ ಸಿಲಿಂಡರಿಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಕರೆಂಟು ಒಲೆಯೇ ಗತಿ. ಕುಕ್ಕರು ತೆಗೆದುಕೊಂಡು ಹೋಗುವುದಾದರೆ ಇಂಡಕ್ಷನ್ ತಳದ್ದೇ ಇರಲಿ. ವೋಲ್ಟೇಜು ಹೆಚ್ಚುಕಮ್ಮಿ ನಮ್ಮ ಹಾಗೇ, ಮಿಕ್ಸಿ ಓಡುತ್ತದೆ. ಆದರೆ ನಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಹೋಗದು, ಅಡಾಪ್ಟರ್ ಬೇಕು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ, ಎರಡು ವರ್ಷದಲ್ಲಿ ನಿವೃತ್ತಿ. ಬೆಂಗಳೂರಿಗೆ ವಾಪಸಾಗುವುದೋ, ಚಿಯಾಂಗ್ ಮಾಯ್‌ಗೆ ಹೋಗುವುದೋ ಎಂಬ ಚರ್ಚೆ ನಡೆದಿದೆ.
– ನ್ಯೂಜೆರ್ಸಿ ಕನ್ನಡಿಗರು

ಉತ್ತರ: ನಿಮಗೆ ಈ ಊರು ನಿಜಕ್ಕೂ ಅಗ್ಗ. ಡಾಲರಿನ ಆದಾಯದಲ್ಲಿ ವೀಸಾದ ಷರತ್ತೂ ಸುಲಭ. ಅಮೆರಿಕ ಸರ್ಕಾರದ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿ ಹಣ ಅಲ್ಲಿದ್ದರೂ ಬರುತ್ತದೆ, ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಮಾತ್ರ ಅಮೆರಿಕದ ಹೊರಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಆರೋಗ್ಯ ವಿಮೆಯೇ ನಿಮ್ಮ ದೊಡ್ಡ ಖರ್ಚು, ವಯಸ್ಸಿನ ಜೊತೆ ಏರುವ ಖರ್ಚೂ ಅದೇ. 65ಕ್ಕೆ ಮುಂಚೆಯೇ ಮಾಡಿಸಿ, ಪ್ರತಿ ವರ್ಷ ನವೀಕರಣದ ಖಾತರಿ ಇರುವ ಪಾಲಿಸಿಯನ್ನೇ ನೋಡಿ. ನದಿಯ ಹತ್ತಿರ ನೆಲಮಹಡಿ ಮನೆ ತೆಗೆದುಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಪಿಂಗ್ ನದಿ ಉಕ್ಕಿ ‘ನೈಟ್ ಬಜಾರ್’ ಮಾರುಕಟ್ಟೆಯ ಕಡೆಯೆಲ್ಲ ನೀರು ನಿಂತಿತ್ತು. ಬೆಂಗಳೂರಿನಲ್ಲಿ ಅಣ್ಣತಮ್ಮಂದಿರು, ಬಂಧುಬಳಗ ಇದ್ದರೆ ಆಸ್ಪತ್ರೆಗೆ ಜೊತೆಗೆ ಬರುವವರು ಅಲ್ಲೇ ಸಿಗುತ್ತಾರೆ. ಅದಕ್ಕೆ ಬೆಲೆ ಕಟ್ಟಲು ನನಗೆ ಬಾರದು.

ಪ್ರಶ್ನೆ: ಅಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಓಡಾಟದ ಖರ್ಚು ಕಮ್ಮಿ ಆಗುತ್ತಾ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆಗುತ್ತದೆ. ತಿಂಗಳಿಗೆ 2,500ರಿಂದ 3,500 ಬಾತ್. ವಾಹನ ಓಡುವುದೂ ನಮ್ಮ ಹಾಗೆ ಎಡಗಡೆಯೇ. ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅದರಲ್ಲಿ ದ್ವಿಚಕ್ರದ ಮುದ್ರೆ ಇರಲೇಬೇಕು, ಕಾರಿನದ್ದು ಮಾತ್ರ ಇದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಿಬಿಡುತ್ತಾರೆ. ಹಳೇ ಊರಿನ ಕಂದಕದ ಸುತ್ತ ಪೊಲೀಸರು ತಡೆದು ಕೇಳುವುದು ಇದನ್ನು ಮತ್ತು ಹೆಲ್ಮೆಟ್ಟನ್ನು. ಪಾಸ್‌ಪೋರ್ಟ್ ಅಡ ಇಡು ಎನ್ನುವ ಅಂಗಡಿಗೆ ಹೋಗಬೇಡಿ, ನಗದು ಠೇವಣಿ ತೆಗೆದುಕೊಳ್ಳುವವರು ಪಕ್ಕದ ಬೀದಿಯಲ್ಲೇ ಇರುತ್ತಾರೆ.