ಹಾಸನದ ಮೀಟಿಂಗ್‌ನಲ್ಲಿ ಸಾಹುಕಾರರ ಭಾಮೈದ

‘ನಾನು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಲೆಕ್ಕಪತ್ರ ಬರೆಯುವವನು. ವಯಸ್ಸು 44. ಶನಿವಾರ ಬಟವಾಡೆ ಮುಗಿಸಿ ಕುಡಿಯುತ್ತಿದ್ದದ್ದು ಬರಬರುತ್ತಾ ದಿನಾ ರಾತ್ರಿಯದ್ದಾಯಿತು. ಎರಡು ಸಲ ನಾನೇ ಬಿಟ್ಟು ಮತ್ತೆ ಹಿಡಿದೆ. ಈಗ ಏಳು ವಾರದಿಂದ ಮುಟ್ಟಿಲ್ಲ. ಊರಲ್ಲಿ ಯಾರಿಗೂ ಗೊತ್ತಾಗಬಾರದು ಅಂತ 40 ಕಿಲೋಮೀಟರ್ ದೂರದ ಹಾಸನಕ್ಕೆ ಹೋಗಿ, ಕುಡಿತ ಬಿಡುವವರು ಸೇರುವ ಭಾನುವಾರ ಸಂಜೆಯ ಎಎ ಮೀಟಿಂಗ್‌ನಲ್ಲಿ ಕೂರುತ್ತಿದ್ದೆ. ಐದನೇ ವಾರ ಅಲ್ಲಿಗೆ ನಮ್ಮ ಸಾಹುಕಾರರ ಭಾಮೈದ ಬಂದರು. ನನ್ನನ್ನು ನೋಡಿದರು. ಅರ್ಧಕ್ಕೇ ಎದ್ದು ಬಂದವನು ಮತ್ತೆ ಹೋಗಿಲ್ಲ. ತೋಟದ ದುಡ್ಡೆಲ್ಲ ನನ್ನ ಕೈಯಲ್ಲೇ ಓಡಾಡುತ್ತದೆ. ಸಾಹುಕಾರರ ಕಿವಿಗೆ ಬಿದ್ದರೆ ಏನು ಗತಿ? ಮುಂದಿನ ಭಾನುವಾರ ಮಧ್ಯಾಹ್ನ ಅಣ್ಣನ ಮಗಳ ಬೀಗರೂಟ ಬೇರೆ ಇದೆ.’
ಹೆಸರು ಬೇಡ, ಸಕಲೇಶಪುರ ತಾಲೂಕು

ರೈಟರ್ ಅವರೇ, ಏಳು ವಾರ ಅಂದರೆ ಏಳು ಬಟವಾಡೆ. ಏಳು ಶನಿವಾರ ಎಲ್ಲರಿಗೂ ದುಡ್ಡು ಎಣಿಸಿ ಕೊಟ್ಟು, ಅಂಗಡಿ ಕಡೆ ತಿರುಗದೆ ಮನೆಗೆ ಹೋಗಿದ್ದೀರಿ. ಅದನ್ನು ಒಂದೇ ಸಾಲಲ್ಲಿ ಬರೆದು ಮುಗಿಸಿದ್ದೀರಲ್ಲ, ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು.

ಈಗ ಆ ಭಾಮೈದನ ವಿಷಯ. ನೀವು ಯಾವ ಲೆಕ್ಕ ಹಾಕಿ ಹಾಸನದ ಬಸ್ಸು ಹತ್ತಿದಿರೋ, ಅವರೂ ಅದೇ ಲೆಕ್ಕ ಹಾಕಿಯೇ ಬಂದಿರಬೇಕು. ನಿಮ್ಮನ್ನು ಕಂಡ ರಾತ್ರಿ ಅವರಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಅದು ಅವರ ಮೊದಲ ಮೀಟಿಂಗ್ ಆಗಿದ್ದರೆ? ಕಾಲಿಟ್ಟ ದಿನವೇ ಗುರುತಿನವರೊಬ್ಬರು ಎದ್ದು ಹೋಗಿದ್ದನ್ನು ನೋಡಿ ಏನೇನು ಅಂದುಕೊಂಡರೋ.

ಹಾಗಂತ ನಿಮ್ಮಿಬ್ಬರ ಭಯ ಒಂದೇ ತೂಕದ್ದಲ್ಲ. ಮಾತು ಹೊರಗೆ ಬಿದ್ದರೆ ಅವರಿಗೆ ಮನೆಯಲ್ಲಿ ಮುಜುಗರ. ನಿಮಗೆ ಕೆಲಸ, ಜೊತೆಗೆ ತೋಟದವರು ಕೊಟ್ಟ ಮನೆ ಇದ್ದರೆ ಅದೂ. ಅದಕ್ಕೇ ‘ಏನೂ ಆಗಲ್ಲ, ಹೋಗಿ’ ಅಂತ ಸುಮ್ನೆ ಹೇಳಲಾರೆ.

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ಸಿಕ್ಕಿ ನರಳುತ್ತಿದ್ದ ಇಬ್ಬರು ಇದನ್ನು ಶುರು ಮಾಡಿದರು. ಒಬ್ಬರು ಷೇರು ಪೇಟೆಯವರು, ಇನ್ನೊಬ್ಬರು ಡಾಕ್ಟರು. ಗುಂಪಿನೊಳಗೆ ಅವರು ಬಿಲ್ ಡಬ್ಲ್ಯು., ಡಾಕ್ಟರ್ ಬಾಬ್, ಅಷ್ಟೇ. ಫೀಸಿಲ್ಲ, ಸದಸ್ಯರ ಪಟ್ಟಿ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಅಲ್ಲಿ ಕಂಡವರನ್ನೂ ಕೇಳಿದ ಮಾತನ್ನೂ ಅಲ್ಲೇ ಬಿಟ್ಟು ಬರಬೇಕು. ಇದಕ್ಕೆ ಕಾನೂನಿನ ಬಲವೇನೂ ಇಲ್ಲ. ಆದರೆ ಅಲ್ಲಿ ಕೂತ ಪ್ರತಿಯೊಬ್ಬರಿಗೂ ಮುಚ್ಚಿಡುವಂಥದ್ದು ಒಂದಿದೆ ಅಲ್ವಾ, ಅದರಿಂದಲೇ ಇಷ್ಟು ವರ್ಷ ನಡೆದುಕೊಂಡು ಬಂದಿದೆ.

ಮತ್ತೆ ಹೋಗಿ. ಹತ್ತು ನಿಮಿಷ ಮುಂಚೆಯೇ ಹೋಗಿ. ಅವರು ಬಂದರೆ ಬಾಗಿಲ ಹತ್ತಿರ ಮೆಲ್ಲಗೆ, ‘ಸಾರ್, ಇಲ್ಲಿ ನೋಡಿದ್ದು ಇಲ್ಲಿಗೇ. ತೋಟದಲ್ಲಿ ನಾನು ಮಾಮೂಲಿ ರೈಟರ್’ ಅನ್ನಿ. ಉತ್ತರಕ್ಕೆ ಕಾಯಬೇಡಿ. ತೋಟದಲ್ಲಿ ಆ ವಿಷಯ ಎತ್ತಲೇಬೇಡಿ, ಕಣ್ಸನ್ನೆ ಕೂಡ ಬೇಡ. ಮುಂದೆ ಅವರ ಹತ್ತಿರ ಅಡ್ವಾನ್ಸು, ಶಿಫಾರಸು ಅಂತ ಹೋಗುವುದಂತೂ ಬೇಡವೇ ಬೇಡ. ಗುಟ್ಟು ಗೊತ್ತಿದ್ದವನು ಕೈ ಚಾಚಿದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ.

ಅವರೆದುರು ಬಾಯಿ ಬರದಿದ್ದರೆ ‘ಇವತ್ತು ಬರೀ ಕೇಳುತ್ತೇನೆ’ ಅಂದುಬಿಡಿ. ಯಾರೂ ಬಲವಂತ ಮಾಡುವುದಿಲ್ಲ. ಕಾಗದದಲ್ಲಿ ಆ ದುಡ್ಡಿನ ಸಾಲನ್ನು ನಾನು ಎರಡು ಸಲ ಓದಿದೆ. ಕುಡಿಯುತ್ತಿದ್ದ ಕಾಲದಲ್ಲಿ ಲೆಕ್ಕದಲ್ಲೇನಾದರೂ ಹೆಚ್ಚುಕಮ್ಮಿ ಆಗಿದೆಯಾ? ಇಲ್ಲದಿದ್ದರೆ ಸಂತೋಷ, ಕೇಳಿದ್ದಕ್ಕೆ ಕ್ಷಮಿಸಿ. ಇದ್ದರೆ ಅದನ್ನು ಎಲ್ಲರ ಮುಂದೆ ಹೇಳಬೇಡಿ. ಬಿಟ್ಟು ತುಂಬಾ ವರ್ಷವಾದ, ನಂಬಿಕೆ ಹುಟ್ಟಿಸುವ ಒಬ್ಬರನ್ನು ಸ್ಪಾನ್ಸರ್, ಅಂದರೆ ಗುಂಪಿನಲ್ಲಿ ನಿಮಗೆ ದಾರಿ ಹೇಳುವ ಹಿರಿಯರು, ಅಂತ ಮಾಡಿಕೊಂಡು ಅವರೊಬ್ಬರಿಗೇ ಹೇಳಿ.

ಆ ಗುಂಪು ಆಗುವುದೇ ಇಲ್ಲ ಅನ್ನಿಸಿದರೆ ಧರ್ಮಸ್ಥಳ ಯೋಜನೆಯ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳಿವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರುತ್ತಾರೆ. ಆದರೆ ಅಲ್ಲಿ ಎಲ್ಲ ಊರವರ ಕಣ್ಣೆದುರೇ. ಕೆಲವರಿಗೆ ಅದೇ ಬಲ. ನಿಮ್ಮ ಸ್ವಭಾವಕ್ಕೆ ಕಷ್ಟ ಅಂತ ನನಗನ್ನಿಸುತ್ತದೆ. ಮೊಬೈಲಿನಲ್ಲೇ ಕೂತು ಕೇಳುವ ಎಎ ಮೀಟಿಂಗ್‌ಗಳೂ ಇವೆ, ಹೊರಗೆ ಹೋಗಲಾಗದ ವಾರಕ್ಕೆ ಪರವಾಗಿಲ್ಲ.

ಇನ್ನೊಂದು ಮಾತು. ಅಕಸ್ಮಾತ್ ಮತ್ತೆ ದಿನಾ ಕುಡಿಯುವಂತಾದರೆ, ಹಳೆಯ ಥರ ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬೇಡಿ. ಜಾಸ್ತಿ ದಿನ ಕುಡಿದವರು ದಿಢೀರ್ ನಿಲ್ಲಿಸಿದರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾದರೆ ಜೀವಕ್ಕೇ ಅಪಾಯ. ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ, ಮಾತ್ರೆ ತೆಗೆದುಕೊಂಡೇ ಕುಡಿತ ಬಿಡಿ. ಅಪರಾತ್ರಿ ಕುಡಿಯಬೇಕು ಅನ್ನಿಸಿ ಕೈ ನಡುಗಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬೀಗರೂಟಕ್ಕೆ ಹೋಗದೆ ಇರಲಾಗುವುದಿಲ್ಲ, ಅಣ್ಣನ ಮಗಳು. ಶಾಮಿಯಾನದ ಹಿಂದೆ ಯಾರ ಕಾರಿನ ಡಿಕ್ಕಿ ತೆರೆಯುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಕಡೆ ಹೋಗದೆ ಮೊದಲ ಪಂಕ್ತಿಗೇ ಮಕ್ಕಳ ಜೊತೆ ಕೂತುಬಿಡಿ. ಯಾರಾದರೂ ಕರೆದರೆ ಮಾತ್ರೆ ನುಂಗುತ್ತಿದ್ದೇನೆ ಅನ್ನಿ, ಆ ಸುಳ್ಳು ನನ್ನ ಲೆಕ್ಕಕ್ಕಿರಲಿ. ಮುದ್ದೆ, ಮಟನ್ ಸಾರು ಊಟ ಮಾಡಿ. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಣ್ಣನಿಗೊಂದು ಮಾತು ಹೇಳಿ, ಮೂರು ಗಂಟೆ ಹೊತ್ತಿಗೆ ಹಾಸನದ ಬಸ್ಸು ಹತ್ತಿ.