ಪೇಸ್ಟ್ ಹಚ್ಚುವ ಮೊದಲು ಫ್ಯಾನಿನ ಬಾಯಿ ನೋಡು

ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೂರು ವರ್ಷದ ಗೇಮಿಂಗ್ ಲ್ಯಾಪ್‌ಟಾಪ್, ಮನೆ ಹೊನ್ನಾವರದ ಕಾಸರಕೋಡಿನಲ್ಲಿ ಸಮುದ್ರದ ಮಗ್ಗುಲಲ್ಲೇ, ಆಟ ಶುರು ಮಾಡಿ ಹತ್ತು ನಿಮಿಷಕ್ಕೆ ಸಿಪಿಯು 97 ಡಿಗ್ರಿ, ಆಮೇಲೆ ಚಿತ್ರ ತಡವರಿಸುತ್ತದೆ, ಎರಡು ಸಲ ತಾನಾಗಿಯೇ ಆಫ್ ಆಗಿದೆ. ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ ಅಂದರಂತೆ. ಥರ್ಮಲ್ ಪೇಸ್ಟ್, ಅಂದರೆ ಚಿಪ್ಪಿಗೂ ಅದರ ಬಿಸಿ ಹೊರುವ ತಾಮ್ರದ ತಟ್ಟೆಗೂ ನಡುವೆ ಹಚ್ಚುವ ಲೇಪ, ಬದಲಿಸಿದರೆ ಸಾಕಾ, ಮನೆಯಲ್ಲೇ ಮಾಡಬಹುದಾ ಅಂತ ಕೇಳಿದ್ದೀಯಲ್ಲ.

ಮನೆಯಲ್ಲೇ ಮಾಡಬಹುದು. ಬೋರ್ಡ್ ಬದಲಿಸಲು ಈಗಲೇ ದುಡ್ಡು ಕೊಡಬೇಡ. ಪ್ರೊಸೆಸರ್, ಅಂದರೆ ಸಿಪಿಯು, 100 ಡಿಗ್ರಿಯ ಹತ್ತಿರ ಬಂದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಜೀವ ಉಳಿಸಿಕೊಳ್ಳಲು ಕರೆಂಟ್ ಕಡಿದುಕೊಳ್ಳುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದಾಗ ಮಾತ್ರ ನಿಲ್ಲುವ ಯಂತ್ರದಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಬಿಸಿಯನ್ನೇ.

ಆದರೆ ನೀನು ಬರೆದ 'ಹತ್ತು ನಿಮಿಷ' ಅನ್ನುವ ಮಾತು ನನಗೆ ಮುಖ್ಯವಾಗಿ ಕಂಡಿತು. ಪೇಸ್ಟ್ ಒಣಗಿ ಹೋಗಿದ್ದರೆ ಆಟ ತೆರೆದ ಕೆಲವೇ ಸೆಕೆಂಡಿಗೆ ಉಷ್ಣತೆ 60ರಿಂದ 95ಕ್ಕೆ ಜಿಗಿಯುತ್ತದೆ, ಯಾಕೆಂದರೆ ಬಿಸಿ ಚಿಪ್ಪಿನಿಂದ ತಾಮ್ರಕ್ಕೆ ಸರಿಯಾಗಿ ದಾಟುವುದಿಲ್ಲ. ಆಗ ಫ್ಯಾನ್ ಭರ್ರೆಂದು ತಿರುಗುತ್ತಿದ್ದರೂ ಹೊರಗೆ ಬರುವ ಗಾಳಿ ಬೆಚ್ಚಗೆ ಮಾತ್ರ ಇರುತ್ತದೆ. ನಿನ್ನದು ಹಾಗಲ್ಲ, ನಿಧಾನವಾಗಿ ಏರುತ್ತಿದೆ. ತಾಮ್ರಕ್ಕೆ ಬಂದ ಬಿಸಿ ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ಆಟ ನಡೆಯುವಾಗ ಹಿಂಬದಿಯ ಗಾಳಿಕಿಂಡಿಗೆ ಕೈ ಹಿಡಿದು ನೋಡು. ಗಾಳಿ ಸುಡುವಷ್ಟು ಬಿಸಿ, ಆದರೆ ಉಸಿರಿನಷ್ಟೇ ಮೆಲ್ಲಗೆ ಬರುತ್ತಿದ್ದರೆ ದಾರಿ ಕಟ್ಟಿದೆ.

ನಮ್ಮ ಕರಾವಳಿಯಲ್ಲಿ ಇದು ಬಹಳ. ಸಮುದ್ರದ ಗಾಳಿಯ ಉಪ್ಪು ತೇವ ಹೀರಿಕೊಳ್ಳುತ್ತದೆ, ಧೂಳು ಅದಕ್ಕೆ ಅಂಟಿ ಕಂಬಳಿಯ ಹಾಗೆ ಆಗುತ್ತದೆ. ಒಣ ಊರಿನ ಧೂಳಾದರೆ ಬ್ಲೋವರ್ ಹಿಡಿದರೆ ಹಾರಿ ಹೋದೀತು, ಇದು ಹಾರುವುದಿಲ್ಲ. ಅದು ಕೂರುವ ಜಾಗವೂ ಹೊರಗಿನಿಂದ ಕಾಣದು: ಫ್ಯಾನಿಗೂ ಫಿನ್‌ಗಳಿಗೂ (ಬಿಸಿಯನ್ನು ಗಾಳಿಗೆ ಬಿಡುವ ತೆಳು ಲೋಹದ ಎಲೆಗಳ ಸಾಲು) ನಡುವೆ. ಹೊರಗಿನಿಂದ ಊದಿದರೆ ಆ ಕಂಬಳಿ ಫ್ಯಾನಿನ ಮೇಲೆ ಮಗುಚಿ ಬೀಳುತ್ತದೆ ಅಷ್ಟೆ. ಕಾರವಾರದ ಕೋಡಿಬಾಗದಲ್ಲಿ ನನ್ನ ಮನೆ, ನನ್ನ ಯಂತ್ರದ ಫ್ಯಾನ್ ಬಿಚ್ಚಿದಾಗ ಒಳಗಿನಿಂದ ಬೆರಳುದ್ದದ ಬೂದು ಪಟ್ಟಿ ಇಡಿಯಾಗಿ ಎದ್ದು ಬಂತು. ಅದನ್ನು ತೆಗೆದದ್ದಕ್ಕೇ 96 ಇದ್ದದ್ದು 90ಕ್ಕೆ ಇಳಿಯಿತು, ಪೇಸ್ಟ್ ಇನ್ನೂ ಮುಟ್ಟಿರಲಿಲ್ಲ. ಸಿರ್ಸಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರೂ ಇದನ್ನು ಗಮನಿಸಬೇಕು, ಸಿಪ್ಪೆಯ ನಾರು ಒಳಗೆ ಹೊಕ್ಕರೆ ಹೀಗೇ ಹೆಣೆದುಕೊಳ್ಳುತ್ತದೆ.

ಬಿಚ್ಚುವ ಮೊದಲು ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂ ಇನ್ಫೊ ಸಾಫ್ಟ್‌ವೇರ್ ಹಾಕಿಕೊಂಡು ಇಪ್ಪತ್ತು ನಿಮಿಷ ಆಡಿ, ಸಿಪಿಯು, ಗ್ರಾಫಿಕ್ಸ್ ಎರಡರ ಗರಿಷ್ಠ ಉಷ್ಣತೆ ಬರೆದಿಡು. ಕೋಣೆಯ ಉಷ್ಣತೆಯನ್ನೂ ಬರೆ. ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ, ಹಾಗಾಗಿ ಮೇ ತಿಂಗಳ ಸೆಖೆಯ ಲೆಕ್ಕವನ್ನು ಜುಲೈ ಮಳೆಯ ಲೆಕ್ಕದೊಂದಿಗೆ ಹೋಲಿಸಬಾರದು. ವಾರಂಟಿ ಉಳಿದಿದ್ದರೆ ಅದರ ಷರತ್ತನ್ನು ಓದಿಕೋ.

ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆ. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಗೀಚಿ, ತೆಗೆದ ಸ್ಕ್ರೂವನ್ನು ಅದರದರ ಜಾಗದಲ್ಲೇ ಟೇಪ್ ಹಚ್ಚಿ ಅಂಟಿಸು. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಕವಚ ತೂತಾಗಬಹುದು. ಕೆಲವು ಮಾದರಿಗಳಲ್ಲಿ ರಬ್ಬರ್ ಕಾಲಿನ ಅಡಿಯಲ್ಲೂ ಸ್ಕ್ರೂ ಇರುತ್ತದೆ. ತಳವನ್ನು ಹಳೇ ಎಟಿಎಂ ಕಾರ್ಡಿನಿಂದ ಮೀಟು, ಚಾಕು ಬೇಡ. ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಅನ್ನು ಹದಿನೈದು ಸೆಕೆಂಡು ಒತ್ತಿ ಹಿಡಿ. ಬ್ಯಾಟರಿ ಬಿಡಿಸದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡ.

ಫ್ಯಾನ್ ಬಿಚ್ಚಿ ಫಿನ್‌ಗಳನ್ನು ಮೆತ್ತನೆ ಬ್ರಷ್‌ನಿಂದ ಉಜ್ಜು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು, ಗಾಳಿಯ ಹೊಡೆತಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು. ಇಷ್ಟಕ್ಕೇ ಸರಿಹೋಯಿತಾ ಅಂತ ಒಮ್ಮೆ ಮುಚ್ಚಿ ನೋಡಬಹುದು. ಆದರೆ ಮೂರು ವರ್ಷದ ಯಂತ್ರ, ಹೇಗೂ ತೆರೆದಿದ್ದೀಯ, ಪೇಸ್ಟ್ ಕೂಡ ಬದಲಿಸಿಬಿಡು ಅನ್ನುವುದು ನನ್ನ ಸಲಹೆ.

ಹೀಟ್ ಸಿಂಕಿನ, ಅಂದರೆ ಚಿಪ್ಪಿನ ಮೇಲೆ ಕೂತ ಆ ತಾಮ್ರದ ಭಾಗದ, ಸ್ಕ್ರೂಗಳ ಪಕ್ಕದಲ್ಲಿ ಸಾಮಾನ್ಯವಾಗಿ 1, 2, 3 ಅಂತ ಸಂಖ್ಯೆ ಇರುತ್ತದೆ. ಬಿಚ್ಚುವಾಗ ಕೊನೆಯ ಸಂಖ್ಯೆಯಿಂದ ಹಿಂದಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸು. ಅಂಟಿಕೊಂಡಿದ್ದರೆ ಎಳೆಯಬೇಡ, ಆಚೀಚೆ ಮೆಲ್ಲಗೆ ಅಲ್ಲಾಡಿಸು. ಎತ್ತಿದಾಗ ಪಾದರಸದ ಹಾಗೆ ಹೊಳೆಯುವ ದ್ರವ ಕಂಡರೆ ಅಲ್ಲೇ ನಿಲ್ಲಿಸು. ಅದು ಲಿಕ್ವಿಡ್ ಮೆಟಲ್, ಆಸುಸ್ ರಾಗ್ ಸಾಲಿನ ಹಲವು ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಒಂದು ಹನಿ ಬೋರ್ಡಿಗೆ ಬಿದ್ದರೆ ಶಾರ್ಟ್. ಗ್ಯಾಲಿಯಂ ಇರುವುದರಿಂದ ಅಲ್ಯೂಮಿನಿಯಂ ಅನ್ನು ತಿಂದು ಹಾಕುತ್ತದೆ. ಮೊದಲ ಸಲ ಮಾಡುವವರು ಅದನ್ನು ಮುಟ್ಟಬಾರದು.

ಇನ್ನು ಪ್ಯಾಡ್‌ಗಳು. ಇಲ್ಲಿ ಸ್ವಲ್ಪ ನಿಂತು ಓದು, ನಾನು ಎಡವಿದ್ದು ಇಲ್ಲೇ. ಚಿಪ್ಪಿನ ಸುತ್ತ ಮೆಮೊರಿಯ ಮೇಲೆ, ಕರೆಂಟ್ ಕೊಡುವ ಭಾಗಗಳ ಮೇಲೆ ಮೆತ್ತನೆಯ ಪ್ಯಾಡ್ ತುಂಡುಗಳಿರುತ್ತವೆ. ಅವು ಇದ್ದಲ್ಲೇ ಇರಲಿ, ಮೊದಲೇ ಫೋಟೋ ತೆಗೆದುಕೋ. ನನ್ನದರಲ್ಲಿ ಒಂದು ಹರಿಯಿತು. 1 ಮಿಲಿಮೀಟರಿನದು ಇತ್ತು, ಸಿಕ್ಕಿದ 1.5ರದು ಕತ್ತರಿಸಿ ಇಟ್ಟೆ. ಅರ್ಧ ಮಿಲಿಮೀಟರ್ ಏನು ಮಾಡೀತು ಅಂದುಕೊಂಡಿದ್ದೆ. ಆನ್ ಮಾಡಿದರೆ ಹತ್ತೇ ಸೆಕೆಂಡಿಗೆ 99. ಪೇಸ್ಟ್ ಕಳಪೆ ಅಂತ ತಿಳಿದು ಮತ್ತೆ ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಅದೇ. ಮೂರನೇ ಸಲ ಎತ್ತಿದಾಗ ಸರಿಯಾಗಿ ನೋಡಿದೆ: ಹಚ್ಚಿದ ಪೇಸ್ಟ್ ಒಂದು ಬದಿಯಲ್ಲಿ ಒತ್ತಿಯೇ ಇರಲಿಲ್ಲ, ಹಚ್ಚಿದ ಹಾಗೇ ಉಬ್ಬಿ ಕೂತಿತ್ತು. ದಪ್ಪ ಪ್ಯಾಡ್ ತಾಮ್ರದ ತಟ್ಟೆಯನ್ನು ಎತ್ತಿ ಹಿಡಿದಿತ್ತು. ಸರಿಯಾದ ದಪ್ಪದ ಪ್ಯಾಡ್ ತರಿಸಿ ಹಾಕಿದ ಮೇಲೆ, 32 ಡಿಗ್ರಿಯ ಕೋಣೆಯಲ್ಲಿ 83ಕ್ಕೆ ನಿಂತಿತು. ಆದ್ದರಿಂದ ಪೇಸ್ಟ್ ಹಚ್ಚಿ ಒಮ್ಮೆ ಬಿಗಿ ಮಾಡಿ, ಮತ್ತೆ ಎತ್ತಿ ಅಚ್ಚು ನೋಡು. ಎಲ್ಲ ಕಡೆ ಸಮ ಹರಡಿದ್ದರೆ ಒರೆಸಿ ಹೊಸದಾಗಿ ಹಚ್ಚಿ ಮುಚ್ಚು. ಸ್ವಲ್ಪ ಪೇಸ್ಟ್ ಹೋಗುತ್ತದೆ, ಹೋಗಲಿ.

ಹಳೆಯದನ್ನು ಒರೆಸಲು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಹಳೇ ಬನಿಯನ್ ಬಟ್ಟೆ ನೂಲು ಬಿಡುತ್ತದೆ, ಕನ್ನಡಕ ಒರೆಸುವ ಬಟ್ಟೆ ಒಳ್ಳೆಯದು.

ಪೇಸ್ಟಿನ ಕೆಲಸ ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದಿಯಲ್ಲಿರುವ ಗಾಳಿಯನ್ನು ಹೊರಹಾಕುವುದು. ಬಿಸಿ ಸಾಗಿಸುವ ಶಕ್ತಿ (ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) ತಾಮ್ರಕ್ಕೆ ಸುಮಾರು 400 ಇದ್ದರೆ ಒಳ್ಳೆಯ ಪೇಸ್ಟಿಗೆ ಹತ್ತರ ಆಸುಪಾಸು, ಗಾಳಿಗೆ 0.026. ಅಂದರೆ ಪೇಸ್ಟ್ ಗಾಳಿಗಿಂತ ಎಷ್ಟೋ ಮೇಲು, ತಾಮ್ರದ ಮುಂದೆ ಏನೂ ಅಲ್ಲ. ಹಾಗಾಗಿ ದಪ್ಪ ಬಳಿದರೆ ನಷ್ಟವೇ. ಆದರೆ ಲ್ಯಾಪ್‌ಟಾಪ್ ಚಿಪ್ಪಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಮೂಲೆ ಬಿಟ್ಟುಹೋದರೆ ಆ ಮೂಲೆಯೇ ಕಾಯುತ್ತದೆ. ಇಡೀ ಮೈಗೆ ತೆಳುವಾಗಿ ಪ್ಲಾಸ್ಟಿಕ್ ಚೂರಿನಿಂದ ಸವರು. ಚಿಪ್ ಕಾದು ಆರಿ ಕಾದು ಆರಿ, ತೆಳ್ಳಗಿನ ಪೇಸ್ಟ್ ಅಂಚಿಗೆ ಜಾರಿ ಹೋಗುತ್ತದೆ, ಅದಕ್ಕೇ ಸ್ವಲ್ಪ ಗಟ್ಟಿಯದನ್ನೇ ಆರಿಸು, ಆರ್ಕ್ಟಿಕ್ ಎಂಎಕ್ಸ್-6 ಆದೀತು. ಪೇಸ್ಟಿನ ಬದಲು ಇಡುವ ಹನಿವೆಲ್ ಪಿಟಿಎಂ 7950 ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು: 45 ಡಿಗ್ರಿಯ ಹತ್ತಿರ ಮೆತ್ತಗಾಗಿ ಸಂದಿ ತುಂಬುತ್ತದೆ, ಜಾರುವುದು ಕಡಿಮೆ. ಆದರೆ ಹಾಳೆಗೆ ಒತ್ತಿ ಎತ್ತಿ ಅಚ್ಚು ನೋಡುವ ಉಪಾಯ ನಡೆಯದು, ಪ್ಯಾಡಿನ ದಪ್ಪ ಮೊದಲೇ ಖಾತ್ರಿ ಇರಬೇಕು. ಆಂಪ್ಲಿಫೈಯರ್ ರಿಪೇರಿಗೆ ಬಳಸುವ ಅಗ್ಗದ ಬಿಳಿ ಪೇಸ್ಟ್ ಇದಕ್ಕೆ ಆಗಿಬರುವುದಿಲ್ಲ.

ಬಿಗಿ ಮಾಡುವಾಗ 1ರಿಂದ ಕ್ರಮವಾಗಿ, ಎಲ್ಲವನ್ನೂ ಅರ್ಧ ಅರ್ಧ ಸುತ್ತು. ಫ್ಯಾನಿನ ವೈರ್ ಸಿಕ್ಕಿಸಲು ಮರೆಯಬೇಡ, ಬ್ಯಾಟರಿ ಕೊನೆಗೆ.

ಪೇಸ್ಟ್ ಬರುವ ತನಕ ಆಡಲೇಬೇಕು ಅನ್ನಿಸಿದರೆ ವಿಂಡೋಸಿನ ಪವರ್ ಪ್ಲಾನಿನಲ್ಲಿ ಪ್ರೊಸೆಸರ್ ಗರಿಷ್ಠವನ್ನು 99 ಪ್ರತಿಶತಕ್ಕೆ ಇಳಿಸು. ಟರ್ಬೊ, ಅಂದರೆ ಪ್ರೊಸೆಸರ್ ತನ್ನ ಮೂಲ ವೇಗ ಮೀರಿ ಓಡುವುದು, ಸಾಮಾನ್ಯವಾಗಿ ನಿಲ್ಲುತ್ತದೆ, ವೇಗ ಸ್ವಲ್ಪ ತಗ್ಗಿದರೂ ಬಿಸಿ ಬಹಳ ತಗ್ಗುತ್ತದೆ. ಹಿಂಬದಿಯ ಅಡಿಗೆ ಎರಡು ಬಾಟಲಿ ಮುಚ್ಚಳ ಇಟ್ಟರೆ ಗಾಳಿ ಆಡುತ್ತದೆ, ಸಾವಿರಾರು ರೂಪಾಯಿಯ ಕೂಲಿಂಗ್ ಪ್ಯಾಡ್ ಸದ್ಯಕ್ಕೆ ಬೇಡ. ಹಾಸಿಗೆಯ ಮೇಲಂತೂ ಇಡಬೇಡ.

ಬಿಚ್ಚಿದಾಗ ಫಿನ್‌ಗಳ ಫೋಟೋ ಇಲ್ಲಿ ಹಾಕು. ಬಿಳಿ ಪುಡಿಯೋ ಹಸಿರು ಕಲೆಯೋ ಕಂಡರೆ ಅದು ಉಪ್ಪುಗಾಳಿಯ ತುಕ್ಕು, ಎಷ್ಟು ಆಳ ಹೋಗಿದೆ ಅಂತ ನೋಡಿ ಹೇಳುತ್ತೇನೆ. ಮೊದಲಿನ ಮತ್ತು ನಂತರದ ಲೆಕ್ಕವನ್ನೂ ಬರೆ.